ತಿರುಗಿಸಿ ನೋಡಿ, ಆಮೇಲೆ ಕೊಳ್ಳಿ

ಕರಕುಶಲ ಮೇಳಕ್ಕೆ ಹೋದವರೆಲ್ಲ ಒಮ್ಮೆಯಾದರೂ ಈ ಗೊಂದಲಕ್ಕೆ ಸಿಕ್ಕಿರುತ್ತಾರೆ. ಒಂದು ಮಳಿಗೆಯಲ್ಲಿ ಇಳಕಲ್ ಸೀರೆಗೆ 800 ರೂಪಾಯಿ. ನಾಲ್ಕು ಮಳಿಗೆ ದಾಟಿದರೆ, ನೋಡಲು ಅದೇ ಬಣ್ಣ, ಅದೇ ಸೆರಗು, ಬೆಲೆ ಮಾತ್ರ 4,000. ಎರಡೂ ಕಡೆ ‘ಅಪ್ಪಟ ಕೈಮಗ್ಗ’ ಎಂಬ ಫಲಕ. ಎರಡೂ ಕಡೆ ಮಾರುವವರು ನೇಕಾರರ ಮನೆಯಿಂದಲೇ ತಂದದ್ದು ಎನ್ನುತ್ತಾರೆ. ಅಗ್ಗದ್ದನ್ನು ಕೊಂಡರೆ ನಕಲಿ ಇರಬಹುದೆಂಬ ಅಳುಕು, ದುಬಾರಿಯದನ್ನು ಕೊಂಡರೆ ಟೋಪಿ ಹಾಕಿದರೇನೋ ಎಂಬ ಅನುಮಾನ. ಎಷ್ಟೋ ಜನ ಯಾವುದೂ ಬೇಡವೆಂದು ಬರಿಗೈಯಲ್ಲಿ ಮನೆಗೆ ಬಂದುಬಿಡುತ್ತಾರೆ. ಇದರ ಪೆಟ್ಟು ಬೀಳುವುದು ನಿಜವಾಗಿ ಕೈಯಿಂದ ಮಾಡಿದವರ ಹೊಟ್ಟೆಗೆ.

ಸೀರೆ ಇರಲಿ, ಕಸೂತಿ ಇರಲಿ, ಬಿದರಿಯ ಓಲೆ ಇರಲಿ, ಮಣ್ಣಿನ ಹೂಜಿ ಇರಲಿ, ಅಸಲಿ ಯಾವುದೆಂದು ತಿಳಿಯಲು ತಜ್ಞರೇ ಆಗಬೇಕಿಲ್ಲ. ಒಂದು ಅಭ್ಯಾಸ ಬೆಳೆಸಿಕೊಂಡರೆ ಸಾಕು. ವಸ್ತುವಿನ ಮುಂಭಾಗವನ್ನು ಕಣ್ತುಂಬ ನೋಡಿ ಮೆಚ್ಚಿದ ಮೇಲೆ, ಅದನ್ನು ತಿರುಗಿಸಿ ಹಿಂಬದಿ ನೋಡಿ.

ಹಿಂಬದಿಯೇ ಏಕೆ?

ಯಂತ್ರದಲ್ಲಿ ನಕಲು ಮಾಡುವವರು ಅನುಕರಿಸುವುದು ಗಿರಾಕಿಯ ಕಣ್ಣಿಗೆ ಬೀಳುವ ಭಾಗವನ್ನು. ಮುಂಭಾಗದ ಚಿತ್ತಾರವನ್ನು ಯಂತ್ರ ಚೆನ್ನಾಗಿಯೇ ಮೂಡಿಸುತ್ತದೆ, ಕೆಲವೊಮ್ಮೆ ಕೈಗಿಂತ ನೀಟಾಗಿ. ಆದರೆ ಆ ಚಿತ್ತಾರಕ್ಕೆ ಅದು ಹಿಡಿಯುವ ದಾರಿ ಬೇರೆ. ಕೈಯಲ್ಲಿ ಕಸೂತಿ ಹಾಕುವಾಗ ಒಂದು ಸೂಜಿ, ಒಂದು ದಾರ. ಕಸೂತಿ ಯಂತ್ರಕ್ಕೆ ಸಾಮಾನ್ಯವಾಗಿ ಮೇಲಿನಿಂದ ಒಂದು ದಾರ, ಕೆಳಗಿನ ಬಾಬಿನ್‌ನಿಂದ ಇನ್ನೊಂದು ದಾರ ಬೇಕು. ತಿಗರಿಯ ಮೇಲೆ ಎದ್ದ ಮಡಕೆಯ ಒಳಗೆ ಬೆರಳು ಓಡಿದ ಗೆರೆಗಳಿರುತ್ತವೆ, ಅಚ್ಚಿನಲ್ಲಿ ಒತ್ತಿದ ಮಡಕೆಯಲ್ಲಿ ಎರಡು ಹೋಳು ಕೂಡಿದ ಗೆರೆ ಇರುತ್ತದೆ. ಮಾಡಿದ ಬಗೆ ಹಿಂಬದಿಯಲ್ಲಿ, ತಳದಲ್ಲಿ, ಅಂಚಿನಲ್ಲಿ ದಾಖಲಾಗಿ ಉಳಿಯುತ್ತದೆ. ಅದನ್ನು ಮುಚ್ಚಿಡಲು ಖರ್ಚು ಮಾಡಿದರೆ ನಕಲು ಅಗ್ಗವಾಗಿ ಉಳಿಯುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಯಂತ್ರದಲ್ಲಿ ಮಾಡಿದ್ದೆಲ್ಲ ಕೆಟ್ಟದ್ದಲ್ಲ. ಮೈಸೂರಿನಲ್ಲಿ 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆ ವಿದ್ಯುತ್ ಮಗ್ಗದಲ್ಲಿ ನೇಯ್ದದ್ದೇ, ಅದರ ರೇಷ್ಮೆಯ ಬಗ್ಗೆ, ಬಾಳಿಕೆಯ ಬಗ್ಗೆ ಯಾರೂ ಬೆರಳು ತೋರಿಸಲಾರರು. ಕಾರ್ಖಾನೆ ಅದನ್ನು ಕೈಮಗ್ಗದ್ದೆಂದು ಹೇಳಿ ಮಾರುವುದೂ ಇಲ್ಲ. ತಕರಾರಿರುವುದು ಯಂತ್ರದ್ದನ್ನು ಕೈಯದ್ದೆಂದು ಹೇಳಿ, ಕೈಯ ಬೆಲೆ ವಸೂಲು ಮಾಡುವುದರ ಬಗ್ಗೆ.

ಇಳಕಲ್ ಸೀರೆ: ಒಡಲು ಸೆರಗು ಕೂಡುವ ಜಾಗ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಬೇರೆ ಸೀರೆಗಳಿಂದ ಪ್ರತ್ಯೇಕಿಸುವುದು ಅದರ ಬಣ್ಣವೂ ಅಲ್ಲ, ಚೌಕುಳಿಯೂ ಅಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಹಾಕುವ ಕೊಂಡಿ. ಸಾಮಾನ್ಯ ಸೀರೆಯಲ್ಲಿ ಉದ್ದಕ್ಕೆ ಓಡುವ ಎಳೆಗಳು, ಅಂದರೆ ಹಾಸು, ಈ ತುದಿಯಿಂದ ಆ ತುದಿಯವರೆಗೆ ಒಂದೇ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿಗೆ ಹತ್ತಿಯ ಹಾಸನ್ನು ಬೇರೆಯಾಗಿ, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್‌ನ ಹಾಸನ್ನು ಬೇರೆಯಾಗಿ ಸಿದ್ಧಮಾಡಿಕೊಂಡು, ಒಡಲಿನ ಎಳೆಯನ್ನು ಸೆರಗಿನ ಎಳೆಯೊಂದಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಹೀಗೆ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು. ಒಂದು ಹಾಸು ಹಾಕಿ ಸಾಲಾಗಿ ಹತ್ತಾರು ಸೀರೆ ನೇಯ್ದು ಕತ್ತರಿಸುವ ಅನುಕೂಲ ಇಲ್ಲಿಲ್ಲ. ನೇಯುವುದಕ್ಕೆ ಮೊದಲೇ ಮನೆಯ ಹೆಂಗಸರ, ಹಿರಿಯರ ಎಷ್ಟೋ ಗಂಟೆಗಳು ಈ ಕೆಲಸಕ್ಕೆ ಹೋಗಿರುತ್ತವೆ. ಬೆಲೆಯ ಗುಟ್ಟು ಇರುವುದು ಇಲ್ಲೇ.

ಪರೀಕ್ಷೆ ಹೀಗೆ ಮಾಡಿ:

1. ಸೀರೆಯನ್ನು ಬಿಚ್ಚಿಸಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಅಡ್ಡಕ್ಕೆ ಒಂದು ಸಣ್ಣ ಗೆರೆ ಕಾಣಬೇಕು. ಬೆರಳಾಡಿಸಿದರೆ ತುಸು ಉಬ್ಬು ತಾಕಬಹುದು. ಅವು ಕೊಂಡಿಗಳು.

2. ಈಗ ಸೆರಗಿನ ಕೆಂಪು ಭಾಗವನ್ನು ಕಣ್ಣಿಗೆ ಹತ್ತಿರ ತನ್ನಿ. ಉದ್ದಕ್ಕೆ ಓಡುವ ಎಳೆ ಯಾವ ಬಣ್ಣದ್ದು? ಕೊಂಡಿ ಹಾಕಿದ ಸೀರೆಯಲ್ಲಿ ಆ ಎಳೆ ಸೆರಗಿನ ಬಣ್ಣದ್ದೇ ಆಗಿರುತ್ತದೆ. ಹಾಗಾಗಿಯೇ ಆ ಕೆಂಪು ಅಷ್ಟು ತುಂಬಿಕೊಂಡು ಕಾಣುವುದು. ನಕಲಿನಲ್ಲಿ ಒಡಲಿನ ಹಸಿರೋ ಕಪ್ಪೋ ಎಳೆಗಳೇ ಸೆರಗಿನೊಳಗೂ ಓಡಿರುತ್ತವೆ, ಕೆಂಪು ಮಾಸಿದ ಹಾಗಿರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭರವಸೆಯ ಪರೀಕ್ಷೆ ಇದು. ಯಾವ ಉಪಕರಣವೂ ಬೇಡ, ಅರ್ಧ ನಿಮಿಷ ಸಾಕು.

3. ಟೋಪ್ ತೆನಿ ಎಂದು ಕರೆಯುವ ಸಾಂಪ್ರದಾಯಿಕ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ ಇರುತ್ತವೆ. ಹಣಿಗೆಯ ಹಲ್ಲಿನಂತೆ, ಜೋಳದ ತೆನೆಯಂತೆ, ಕೋಟೆಯ ಗೋಡೆಯಂತೆ ಕಾಣುವ ಬಿಳಿ ಆಕಾರಗಳು ಕೆಂಪಿನೊಳಗೆ ನುಗ್ಗಿರುತ್ತವೆ. ಸೆರಗನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಆ ಬಿಳುಪು ಮಸುಕಾಗಿ, ಬಣ್ಣ ಇಂಗಿದಂತೆ ಕಂಡರೆ ಅದು ಅಚ್ಚು ಹಾಕಿದ್ದು, ನೇಯ್ದದ್ದಲ್ಲ.

4. ಎರಡೂ ದಡಿಗಳ ತೀರಾ ಅಂಚನ್ನು ಗಮನಿಸಿ. ಲಾಳಿಯಲ್ಲಿ ನೇಯ್ದ ಬಟ್ಟೆಯಲ್ಲಿ ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಅಂಚಿಗೆ ಬಂದು ಮಡಚಿ ವಾಪಸು ಹೋಗಿರುತ್ತದೆ. ಅಂಚಿನಲ್ಲಿ ಕತ್ತರಿಸಿದ ಎಳೆಗಳು ಜುಂಜಾಗಿ ಎದ್ದಿದ್ದರೆ ಅದು ಲಾಳಿಯೇ ಇಲ್ಲದ ವೇಗದ ಯಂತ್ರದ ಬಟ್ಟೆ. ಅಂಚಿನುದ್ದಕ್ಕೂ ಸೂಜಿಯ ಸಣ್ಣ ತೂತುಗಳು ಕಂಡರೆ ಕೈಮಗ್ಗದ್ದೆಂದು ಹೇಳುವ ರೂಢಿ ಇದೆ. ಬಟ್ಟೆ ಕುಗ್ಗದಂತೆ ಎರಡು ಬದಿಗೆ ಚುಚ್ಚಿ ಹಿಡಿಸುವ ಕಡ್ಡಿಯ ಗುರುತು ಅದು. ಆದರೆ ಬಟ್ಟೆಯನ್ನು ಬಿಗಿಹಿಡಿಯುವ ಮುಳ್ಳಿನ ಉರುಳೆ ವಿದ್ಯುತ್ ಮಗ್ಗಗಳಲ್ಲೂ ಇರುತ್ತದೆ. ಆದ್ದರಿಂದ ಈ ತೂತೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಸೆರಗು ಆರ್ಟ್ ಸಿಲ್ಕ್ ಆದ ಮಾತ್ರಕ್ಕೆ ಸೀರೆ ನಕಲಿಯಲ್ಲ. ಇಳಕಲ್ಲಿನಲ್ಲಿ ದಿನಬಳಕೆಯ ಸೀರೆಗೆ ಅದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ರೇಷ್ಮೆಯ ಬೆಲೆ ಕೊಡುತ್ತಿದ್ದೀರಾದರೆ ಮಾತ್ರ ಸೆರಗಿನ ತುದಿಯ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿ ಗುಂಡಾಗುತ್ತದೆ. ಹತ್ತಿಯೂ ಆರ್ಟ್ ಸಿಲ್ಕ್ ಎನ್ನುವ ರೇಯಾನೂ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ, ಗಟ್ಟಿ ಮಣಿಯಾಗಿ ಅಂಟಿಕೊಳ್ಳುತ್ತದೆ.

ಎಚ್ಚರಿಕೆ: ಎಳೆಯನ್ನು ಚಿಮುಟದಲ್ಲಿ ಹಿಡಿದು, ಮಳಿಗೆಯಿಂದ ದೂರ, ಬಯಲಲ್ಲಿ ಸುಡಿ. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತದೆ.

ಇಳಕಲ್ ಸೀರೆಗೆ ಜೊತೆಯಾಗಿ ಬರುವ ಗುಳೇದಗುಡ್ಡದ ಕುಪ್ಪಸದ ಕಣಕ್ಕೂ ಇದೇ ಕ್ರಮ. ಸಣ್ಣ ಸಣ್ಣ ಬುಟ್ಟಾಗಳು ಹೆಚ್ಚುವರಿ ಎಳೆಯಿಂದ ನೇಯ್ಗೆಯಲ್ಲೇ ಎದ್ದಿರುತ್ತವೆ, ಹಿಂಬದಿಯಲ್ಲಿ ಆ ಎಳೆಗಳು ತೇಲಿಕೊಂಡು ಹೋಗಿರುವುದು ಕಾಣುತ್ತದೆ. ಅಚ್ಚಿನ ಕಣದ ಹಿಂಬದಿ ನುಣ್ಣಗೆ, ಖಾಲಿ. ಇವತ್ತು ಕಣದ ಮಾದರಿಯ ಬಟ್ಟೆ ಮೊಬೈಲ್ ಚೀಲದಿಂದ ಕುಶನ್ ಹೊದಿಕೆಯವರೆಗೆ ಎಲ್ಲದಕ್ಕೂ ಬಂದಿದೆ, ಅದರಲ್ಲಿ ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಧಾರಾಳವಾಗಿದೆ. ಚೀಲದ ಒಳಗೆ ಅಸ್ತರಿ ಹೊಲಿದು ಹಿಂಬದಿ ಮುಚ್ಚಿದ್ದರೆ, ಹೊಲಿಗೆಯ ಮಡಿಕೆಯಲ್ಲಿ ಇಣುಕಿ ನೋಡಿ.

ಕಸೂತಿ: ಗಂಟು ಹುಡುಕಿ

ಧಾರವಾಡದ ಕಸೂತಿಯಷ್ಟು ಸುಲಭವಾಗಿ ಹಿಂಬದಿಯಿಂದ ಗುರುತಿಸಬಹುದಾದ ಕಲೆ ಇನ್ನೊಂದಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದರಂತೆ ಸಾಲು ಹಿಡಿದು ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೀಗಾಗಿ ಮೇಲೆ ಮೂಡಿದ ಗೆರೆ ಕೆಳಗೂ ಮೂಡುತ್ತದೆ. ಮುರಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ, ಎರಡು ಮುಖವೂ ಒಂದೇ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಅದರ ಹಿಂಬದಿಯಲ್ಲಿ ದಾರ ಇದ್ದಲ್ಲಿ ಬಟ್ಟೆ, ಬಟ್ಟೆ ಇದ್ದಲ್ಲಿ ದಾರ ಕಾಣುತ್ತದೆ. ಮೆಂತೆ ದಪ್ಪನೆಯ ಅಡ್ಡಹೊಲಿಗೆ. ನಾಲ್ಕರಲ್ಲೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಕೆಳಗೇ ತೂರಿಸಿ ಅಡಗಿಸುತ್ತಾರೆ.

ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಇದನ್ನು ಹೊಲಿಯುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ತೊಟ್ಟಿಲು ಮೂಡಿಸುತ್ತಾರೆ. ಹೊರಟ ಸೂಜಿ ಯಾವ ದಾರಿಯಲ್ಲಿ ಹೋದರೆ ಎಲ್ಲ ಗೆರೆಗಳನ್ನೂ ಮುಗಿಸಿ ಹೊರಟ ಜಾಗಕ್ಕೇ ವಾಪಸು ಬರುತ್ತದೆ ಎಂಬ ಲೆಕ್ಕ ಹೊಲಿಯುವವಳ ತಲೆಯಲ್ಲಿರುತ್ತದೆ. ಒಂದು ಎಳೆ ತಪ್ಪಿದರೆ ತೇರಿನ ಕಳಸ ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಈ ಲೆಕ್ಕದ ಸೊಗಸನ್ನು ಒಮ್ಮೆ ಕಂಡವರಿಗೆ ಯಂತ್ರದ ಕಸೂತಿಯಲ್ಲಿ ಮನಸ್ಸು ನಿಲ್ಲುವುದಿಲ್ಲ.

ಮಗುಚಿದಾಗ ನೋಡಬೇಕಾದ್ದು:

1. ಹಿಂಬದಿಯಲ್ಲಿ ಬಿಳಿ ಅಥವಾ ಕಪ್ಪು ಬಣ್ಣದ ಬೇರೊಂದು ತೆಳು ದಾರ ಎಲ್ಲ ಹೂವಿನ ಕೆಳಗೂ ಒಂದೇ ಸಮನೆ ಓಡಿದ್ದರೆ ಅದು ಬಾಬಿನ್ ದಾರ. ಯಂತ್ರದ ಕೆಲಸ, ಮಾತೇ ಇಲ್ಲ.

2. ಕಾಗದದಂಥ ಬಿಳಿ ಹಾಳೆಯ ಚೂರುಗಳು ಹೊಲಿಗೆಗೆ ಸಿಕ್ಕಿಕೊಂಡಿದ್ದರೂ ಯಂತ್ರವೇ. ಬಟ್ಟೆ ಸುಕ್ಕಾಗದಿರಲೆಂದು ಕೆಳಗೆ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದದ್ದು ಅದು.

3. ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಉದ್ದಕ್ಕೆ ಜಿಗಿದಿದ್ದರೆ, ಅಲ್ಲಲ್ಲಿ ಗಂಟುಗಳಿದ್ದರೆ, ಕೈಯಲ್ಲೇ ಮಾಡಿದ್ದಾದರೂ ಅವಸರದ ಕೆಲಸ. ಅದಕ್ಕೆ ತಕ್ಕ ಬೆಲೆ ಕೊಡಿ, ಹೆಚ್ಚು ಬೇಡ.

4. ರೇಷ್ಮೆಯಂಥ ನವಿರು ಬಟ್ಟೆಯಲ್ಲಿ ಎಳೆ ಎಣಿಸಲಾಗುವುದಿಲ್ಲ. ಅದಕ್ಕೆ ಮೇಲೊಂದು ಜಾಳು ಕ್ಯಾನ್ವಾಸ್ ಹೊದಿಸಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೊನೆಗೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದುಹಾಕುತ್ತಾರೆ. ಹೊಲಿಗೆಯ ಅಡಿಯಲ್ಲಿ ಅಂಥ ಒರಟು ಎಳೆಯ ಒಂದು ತುಣುಕು ಉಳಿದಿರುವುದು ಕಂಡರೆ ಕೊರತೆ ಎಂದುಕೊಳ್ಳಬೇಡಿ, ಕೈಕೆಲಸದ ಸುಳಿವು ಅದು.

ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಈ ಎರಡು ಮುಖದ ನಿಯಮ ಇಲ್ಲ. ಕನ್ನಡಿ, ಕವಡೆ, ಬಣ್ಣದ ತೇಪೆ ಎಲ್ಲ ಸೇರಿದ ಗಟ್ಟಿ ಕೆಲಸ ಅದು. ಅಲ್ಲಿ ನೋಡಬೇಕಾದ್ದು ಕನ್ನಡಿಯನ್ನು ದಾರದ ಚೌಕಟ್ಟು ಹಿಡಿದಿದೆಯೋ ಇಲ್ಲ ಅಂಟು ಹಿಡಿದಿದೆಯೋ ಎಂದು. ಉಗುರಿನಿಂದ ಮೆಲ್ಲಗೆ ಒತ್ತಿ. ಅಂಟಿಸಿದ ಕನ್ನಡಿಯ ಸುತ್ತ ಬಟ್ಟೆ ಬಿರುಸಾಗಿರುತ್ತದೆ, ಕನ್ನಡಿ ಎರಡು ಒಗೆತಕ್ಕೆ ಉದುರುತ್ತದೆ. ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆಗಳು ತಾಂಡಾದ ಹೆಣ್ಣುಮಕ್ಕಳ ಕೆಲಸವನ್ನು ನೇರವಾಗಿ ಮಾರುವುದರಿಂದ ಅಲ್ಲಿ ಈ ತಲೆನೋವು ಕಡಿಮೆ.

ಆಭರಣ: ಬೆಳ್ಳಿಯೋ, ಬೆಳ್ಳಿಯಂತೆ ಇರುವುದೋ

ಲಂಬಾಣಿ ಮಾದರಿಯ ಹಾರ, ಕಡಗ, ಜುಮುಕಿಗಳನ್ನು ‘ಜರ್ಮನ್ ಸಿಲ್ವರ್’ ಎಂದು ಮಾರುವುದುಂಟು. ಇದರಲ್ಲಿ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ತಾಮ್ರ, ನಿಕ್ಕಲ್, ಸತು ಕೂಡಿಸಿದ ಲೋಹ. ಹಾಗೆಂದೇ ಹೇಳಿ, ಹಾಗೆಂದೇ ಬೆಲೆ ಹಾಕಿದರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ನಿಕ್ಕಲ್ ಒಗ್ಗದ ಚರ್ಮ ಬಹಳ ಜನರಿಗಿದೆ. ಕಿವಿಯ ತೂತು ತುರಿಸಿ, ಕೆಂಪಾಗಿ, ನೀರಾಡಿದ ಅನುಭವ ಇರುವವರು, ಹೊಸದಾಗಿ ಕಿವಿ ಚುಚ್ಚಿಸಿದ ಮಕ್ಕಳು ಇದರ ಓಲೆ ತೊಡದಿರುವುದೇ ಒಳ್ಳೆಯದು. ಬೇಕೇಬೇಕೆಂದರೆ ಓಲೆಯ ಕೊಕ್ಕೆಯನ್ನಷ್ಟೇ ಬೆಳ್ಳಿಯದ್ದಕ್ಕೆ ಬದಲಿಸಿಕೊಡಲು ಅಕ್ಕಸಾಲಿಗರಿಗೆ ಹೇಳಿ. ಬೆಳ್ಳಿಯೆಂದೇ ಮಾರುತ್ತಿದ್ದರೆ ಹಿಂಬದಿಯಲ್ಲಿ 925 ಎಂಬ ಗುರುತಿಗಾಗಿ ಹುಡುಕಿ, ಹಾಲ್‌ಮಾರ್ಕ್ ಕೇಳಿ, ಬಿಲ್ಲಿನಲ್ಲಿ ‘ಬೆಳ್ಳಿ’ ಎಂದು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಸುಟ್ಟ ಮಣ್ಣಿನ ಆಭರಣ, ಅಂದರೆ ಟೆರಾಕೋಟಾ, ಈಗ ಊರೂರಲ್ಲೂ ಮಾಡುತ್ತಾರೆ. ಸುಡದೆ ಒಣಗಿಸಿ ಬಣ್ಣ ಬಳಿದ ಮಣ್ಣನ್ನೂ ಆ ಹೆಸರಿನಲ್ಲೇ ಮಾರುತ್ತಾರೆ. ಪದಕದ ಹಿಂದೆ ಬಣ್ಣ ಹಚ್ಚದ ಜಾಗಕ್ಕೆ ಒದ್ದೆ ಬೆರಳು ಉಜ್ಜಿ. ಸುಟ್ಟ ಮಣ್ಣು ನೀರನ್ನು ತಟ್ಟನೆ ಹೀರುತ್ತದೆ, ಬೆರಳಿಗೆ ಕೆಸರು ಹತ್ತುವುದಿಲ್ಲ. ಸುಡದ ಮಣ್ಣು ಬೆರಳಿಗೆ ಬಣ್ಣ ಬಿಡುತ್ತದೆ, ಜಾರುತ್ತದೆ.

ಬಿದರಿ: ತೂಕ, ಸಪಾಟು, ಕಪ್ಪು

ಬೀದರಿನ ಬಿದರಿ ಕೆಲಸ ಎಂದರೆ ಹೂಜಿ, ಹೂದಾನಿ ಎಂದೇ ಬಹಳ ಜನರ ನೆನಪು. ಪದಕ, ಓಲೆ, ಬಳೆ, ಕೋಟಿನ ಗುಂಡಿಗಳೂ ಆಗುತ್ತವೆ. ಈ ಕಲೆಗೆ ಬದುಕನ್ನೇ ಕೊಟ್ಟ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟದ್ದು ನೆನಪಿರಬಹುದು.

ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸಿ, ಮೇಲ್ಮೈಯನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಈ ಹಂತದಲ್ಲಿ ಎಲ್ಲವೂ ಬೆಳ್ಳಗೆ, ಬೆಳ್ಳಿ ಯಾವುದು ಸತು ಯಾವುದು ತಿಳಿಯುವುದಿಲ್ಲ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ವಸ್ತುವನ್ನು ಅದರಲ್ಲಿ ಅದ್ದಿದಾಗ ಸತುವಿನ ಭಾಗ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತ ಉಳಿಯುತ್ತದೆ. ಅಂದರೆ ಆ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯೇ ಬದಲಾದದ್ದು. ಪರೀಕ್ಷೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

1. ಕೈಗೆತ್ತಿಕೊಳ್ಳಿ. ಗಾತ್ರಕ್ಕೆ ಮೀರಿದ ತೂಕ ಇರಬೇಕು. ಹಗುರವಾಗಿದ್ದರೆ ಕಪ್ಪು ಬಳಿದ ಅಲ್ಯೂಮಿನಿಯಂ.

2. ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಕಬ್ಬಿಣ, ಬಿದರಿಯಲ್ಲ.

3. ಕಣ್ಣು ಮುಚ್ಚಿ ಚಿತ್ತಾರದ ಮೇಲೆ ಬೆರಳಾಡಿಸಿ. ಬೆಳ್ಳಿಯೂ ಕಪ್ಪೂ ಒಂದೇ ಸಪಾಟಿನಲ್ಲಿರಬೇಕು. ಬಿಳಿ ಗೆರೆ ಮೇಲೆದ್ದು ತಾಕಿದರೆ ಅದು ಬಳಿದದ್ದಿರಬಹುದು.

4. ತಳವನ್ನು, ಓಲೆಯಾದರೆ ಹಿಂಬದಿಯನ್ನು ನೋಡಿ. ಉಗುರು ಕೆರೆದಾಗ ಕಪ್ಪು ಹೊಪ್ಪಳೆಯಾಗಿ ಏಳಬಾರದು.

ಎಚ್ಚರಿಕೆ: ಬಿದರಿಯ ಬಟ್ಟಲಲ್ಲಿ ಮೊಸರು, ಉಪ್ಪಿನಕಾಯಿ, ನಿಂಬೆ ಪಾನಕ ಇಡಬೇಡಿ. ಹುಳಿಗೆ ಸತು ಕರಗಿ ಆಹಾರ ಸೇರುತ್ತದೆ. ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಲೂಬೇಡಿ, ಕಪ್ಪೇ ಹೊರಟುಹೋಗುತ್ತದೆ. ಬೆಳ್ಳಿ ಮಂಕಾದರೆ ಮೆತ್ತನೆ ಹತ್ತಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಬೆಳ್ಳಿ ಹೊಳೆಯುತ್ತದೆ, ಕಪ್ಪೂ ಗಾಢವಾಗುತ್ತದೆ.

ಮಣ್ಣಿನ ಪಾತ್ರೆ: ತಳ, ಸದ್ದು, ಬೆವರು

ಮಣ್ಣಿನ ಪಾತ್ರೆಯಲ್ಲಿ ಅಸಲಿ ನಕಲಿಗಿಂತ ಮುಖ್ಯವಾದ ಪ್ರಶ್ನೆ, ಅದರಲ್ಲಿ ಉಣ್ಣಬಹುದೇ, ಕುಡಿಯಬಹುದೇ ಎಂಬುದು.

ಹೂಜಿಯ ನೀರು ತಣ್ಣಗಾಗುವುದು ಅದು ಬೆವರುವುದರಿಂದ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಮೈಗೆ ಬಂದು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೊರಮೈಗೆ ಎನಾಮಲ್ ಬಣ್ಣವನ್ನೋ ವಾರ್ನಿಷ್ಷನ್ನೋ ಬಳಿದರೆ ರಂಧ್ರ ಮುಚ್ಚಿತು, ನೀರು ತಣ್ಣಗಾಗುವುದು ನಿಂತಿತು. ಥಳಥಳಿಸುವ ಹೂಜಿಗೆ ಹೆಚ್ಚು ದುಡ್ಡು ಕೊಟ್ಟು, ಬೆಚ್ಚಗಿನ ನೀರು ಕುಡಿಯುವುದು ಏತಕ್ಕೆ?

ಕೊಳ್ಳುವಾಗ:

1. ಬೆರಳ ಗೆಣ್ಣಿನಿಂದ ತಟ್ಟಿ. ‘ಟಣ್’ ಎಂದು ತುಂಬಿದ ದನಿ ಬಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ದನಿ ಸತ್ತಂತಿದ್ದರೆ ಎಲ್ಲೋ ಕೂದಲಗೆರೆ ಇದೆ, ಇಲ್ಲವೇ ಆವಿಗೆಯಲ್ಲಿ ಸರಿಯಾಗಿ ಬೇಯಲಿಲ್ಲ.

2. ಒಳಗೆ ಕೈಯಾಡಿಸಿ. ತಿಗರಿಯ ಮೇಲೆ ಎದ್ದದ್ದಾದರೆ ಸುರುಳಿಯಾಗಿ ಬೆರಳ ಗೆರೆಗಳು, ಹಲಗೆಯಿಂದ ತಟ್ಟಿ ಹಿಗ್ಗಿಸಿದ ದೊಡ್ಡ ಮಡಕೆಯಾದರೆ ಸಣ್ಣ ತಗ್ಗುಗಳು ತಾಕುತ್ತವೆ. ಮೇಲಿನಿಂದ ಕೆಳಕ್ಕೆ ನೇರವಾದ ಒಂದು ಏಣು ಇದ್ದರೆ ಅಚ್ಚಿನದು.

3. ಕಪ್ಪು ಮಡಕೆಯ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ. ಆವಿಗೆಯಲ್ಲಿ ಹೊಗೆ ಕುಡಿದು ಕಪ್ಪಾದದ್ದು ಮೈಯೊಳಗಿನ ಬಣ್ಣ, ಬಟ್ಟೆಗೆ ಹತ್ತುವುದಿಲ್ಲ. ಬಣ್ಣ ಹತ್ತಿದರೆ, ಬಣ್ಣದ ವಾಸನೆ ಬಂದರೆ ಅದನ್ನು ಹೂಕುಂಡವಾಗಿ ಬಳಸಿ, ಅಡುಗೆಗೆ ಬೇಡ.

4. ಮೆರುಗು ಹಾಕಿದ ಸೆರಾಮಿಕ್ ಬಟ್ಟಲು, ಲೋಟಗಳಲ್ಲಿ ‘ಸೀಸ ಇಲ್ಲದ ಮೆರುಗೇ?’ ಎಂದು ಕೇಳಿ. ತಮ್ಮ ಕೆಲಸ ಗೊತ್ತಿರುವ ಕಲಾವಿದರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಎಷ್ಟು ಶಾಖದಲ್ಲಿ ಸುಟ್ಟದ್ದು ಎಂಬುದನ್ನೂ ಹೇಳುತ್ತಾರೆ. ಮನೆಗೆ ತಂದ ಮೇಲೆ ಒಂದು ಹೋಳು ನಿಂಬೆಯನ್ನು ರಾತ್ರಿಯಿಡೀ ಒಳಮೈಗೆ ಕವುಚಿಡಿ. ಬೆಳಿಗ್ಗೆ ಆ ಜಾಗದ ಬಣ್ಣ ಬದಲಾಗಿದ್ದರೆ, ಹೊಳಪು ಸತ್ತಿದ್ದರೆ, ಆ ಪಾತ್ರೆ ಊಟಕ್ಕೆ ಬೇಡ. ಬದಲಾಗದಿದ್ದರೆ ಸೀಸವೇ ಇಲ್ಲವೆಂದು ಅರ್ಥವಲ್ಲ, ಆ ಭರವಸೆಯನ್ನು ಕೊಡಬೇಕಾದವರು ಮಾಡಿದವರೇ.

ಅಡುಗೆಯ ಹೊಸ ಮಡಕೆಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಅಕ್ಕಿ ಗಂಜಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ಆರುವವರೆಗೆ ಹಾಗೆಯೇ ಬಿಡಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಸೋರುವುದನ್ನು ತಡೆಯುತ್ತದೆ. ಬಿಸಿ ಮಡಕೆಗೆ ತಣ್ಣೀರು ಹೊಯ್ಯಬೇಡಿ. ಸೋಪಿನ ಪುಡಿ ಬೇಡ, ಮಣ್ಣು ಅದನ್ನು ಹೀರಿಕೊಂಡು ಮುಂದಿನ ಅಡುಗೆಗೆ ಬಿಡುತ್ತದೆ. ಬಿಸಿನೀರು, ತೆಂಗಿನ ನಾರು ಸಾಕು.

ಮುದ್ರೆಗಳು ಹೇಳುವುದೇನು, ಹೇಳದಿರುವುದೇನು

ಕೈಮಗ್ಗ ಮುದ್ರೆಯನ್ನು ಕೇಂದ್ರ ಸರ್ಕಾರ 2006ರಲ್ಲಿ ತಂದಿತು. ಬಟ್ಟೆ ಕೈಮಗ್ಗದ್ದು ಎಂಬುದನ್ನಷ್ಟೇ ಅದು ಹೇಳುತ್ತದೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ರೇಷ್ಮೆ ಶುದ್ಧ ಎನ್ನುತ್ತದೆ, ಯಾವ ಮಗ್ಗದ್ದು ಎಂದು ಹೇಳುವುದಿಲ್ಲ. ಇಳಕಲ್ ಸೀರೆ, ಕಸೂತಿ, ಬಿದರಿ, ಸಂಡೂರು ಲಂಬಾಣಿ ಕಸೂತಿಗಳಿಗಿರುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಆ ಹೆಸರನ್ನು ಆ ನೆಲಕ್ಕೆ ಕಾಯ್ದಿಡುತ್ತದೆ. ‘ಇಳಕಲ್ಲಿಗೆ ಜಿಐ ಇದೆ’ ಎಂಬ ಮಾರಾಟಗಾರರ ಮಾತಿನಿಂದ ನಿಮ್ಮ ಕೈಯಲ್ಲಿರುವ ಸೀರೆ ಅಸಲಿಯಾಗುವುದಿಲ್ಲ. ಮುದ್ರೆ ಆ ಸೀರೆಯ ಮೇಲಿದೆಯೇ ನೋಡಿ. ಮುದ್ರೆ ಇಲ್ಲದಿದ್ದರೂ ತಿರಸ್ಕರಿಸಬೇಡಿ. ಸಂಘಕ್ಕೆ ಸೇರದ, ಕಾಗದಪತ್ರಕ್ಕೆ ಓಡಾಡಲಾಗದ ಒಂಟಿ ನೇಕಾರರು ಬಹಳ ಇದ್ದಾರೆ. ಅವರ ಮಾಲಿಗೆ ಮೇಲೆ ಹೇಳಿದ ಪರೀಕ್ಷೆಗಳೇ ಮುದ್ರೆ.

ಮೊದಲ ಸಲ ಕೊಳ್ಳುವವರು ರಾಜ್ಯ ಕರಕುಶಲ ನಿಗಮದ ಕಾವೇರಿ, ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿಗೆ ಒಮ್ಮೆ ಹೋಗಿ, ಕೊಳ್ಳದಿದ್ದರೂ ಮುಟ್ಟಿ, ಮಗುಚಿ ನೋಡಿ ಬರಲಿ. ಕೈಗೆ ರೂಢಿಯಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೊಟ್ಟಗಿದ್ದರೆ ಕೈಯದ್ದು ಎಂಬ ನಂಬಿಕೆ. ನುರಿತ ಕೈ ಸೊಟ್ಟ ಮಾಡುವುದಿಲ್ಲ. ಬೇಕೆಂದೇ ಒರಟು ಮಾಡಿ ‘ಹ್ಯಾಂಡ್‌ಮೇಡ್’ ಎಂದು ಮಾರುವವರಿಗೆ ಈ ನಂಬಿಕೆಯೇ ಬಂಡವಾಳ. ನೇಕಾರರು ದಿನವಿಡೀ ಕಾಲು ಕುಣಿಯಲ್ಲಿ ಇಳಿಬಿಟ್ಟು ಕೂತು ಸಮನಾಗಿ ನೇಯ್ದ ಬಟ್ಟೆಯನ್ನು ‘ಇಷ್ಟು ನೀಟಾಗಿದೆ, ಯಂತ್ರದ್ದೇ ಇರಬೇಕು’ ಎಂದು ಪಕ್ಕಕ್ಕಿಡುವುದು ದೊಡ್ಡ ಅನ್ಯಾಯ.

ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಕಟ್ಟುತ್ತದೆ ಎಂಬ ನಂಬಿಕೆ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸವಿದೆ, ಒಗೆಯುವ ಬಕೆಟ್ಟಿನಲ್ಲಿ ಇಲ್ಲ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒಳಮಡಿಕೆಗೆ ಒದ್ದೆ ಬಿಳಿ ಕರವಸ್ತ್ರ ಒತ್ತಿ ನೋಡಿ. ಇಳಕಲ್ಲಿನ ಕೆಂಪು ಸೆರಗು ಒಡಲಿಗೆ ತಾಕದಂತೆ, ತಣ್ಣೀರಿನಲ್ಲಿ, ನೆನೆಹಾಕದೆ, ಬೇಗ ಒಗೆದು ನೆರಳಿನಲ್ಲಿ ಹರವಿ. ಮೊದಲ ಒಗೆತ ಡ್ರೈ ಕ್ಲೀನ್ ಆದರೆ ಇನ್ನೂ ಒಳ್ಳೆಯದು.

ಸಹಜ ಬಣ್ಣ ಎಂದರೆ ಎಂದೂ ಮಾಸದ ಬಣ್ಣ ಎಂಬ ನಿರೀಕ್ಷೆ. ಅರಿಸಿನದ ಹಳದಿ ಬಿಸಿಲಿಗೆ ಬೇಗ ತೆಳುವಾಗುತ್ತದೆ, ಸೋಪು ತಾಕಿದರೆ ಕ್ಷಣದಲ್ಲಿ ಕೆಂಪಾಗುತ್ತದೆ. ಇದು ದೋಷವಲ್ಲ, ಅರಿಸಿನದ ಗುಣ. ಹೆಗ್ಗೋಡಿನ ಚರಕದಂಥ ಸಂಸ್ಥೆಗಳ ಸಹಜ ಬಣ್ಣದ ಬಟ್ಟೆ ಕೊಂಡಾಗ ಒಗೆಯುವ ಕ್ರಮವನ್ನು ಕೇಳಿಕೊಂಡೇ ಬನ್ನಿ.

ಚೌಕಾಸಿಯನ್ನು ಎಲ್ಲ ಕಡೆ ಒಂದೇ ರೀತಿ ಮಾಡುವುದು. ಅಂಗಡಿಯವರ ಬೆಲೆಯಲ್ಲಿ ಬಾಡಿಗೆ, ಲಾಭ ಸೇರಿರುತ್ತದೆ, ಕೇಳಬಹುದು. ಮಾಡಿದವರೇ ಎದುರು ಕೂತಿದ್ದರೆ ‘ಇದಕ್ಕೆ ಎಷ್ಟು ದಿನ ಹಿಡಿಯಿತು, ಎಷ್ಟು ಜನ ಕೂತಿದ್ದಿರಿ?’ ಎಂದು ಕೇಳಿ. ಆ ದಿನಗಳಿಗೆ ನಿಮ್ಮೂರಿನ ಗಾರೆ ಕೆಲಸದ ಕೂಲಿ ಹಾಕಿ, ನೂಲಿನ ದುಡ್ಡು ಕೂಡಿಸಿ ನೋಡಿ. ಹೇಳಿದ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ, ಬಹಳ ಸಲ ಇರುತ್ತದೆ, ಕೊಸರಾಡುವುದು ತರವಲ್ಲ.

ಹೇಳಿ ಮಾಡಿಸುವಾಗ

ನೇರವಾಗಿ ಮಾಡಿಸುವುದಾದರೆ ಬಣ್ಣ, ಅಳತೆ, ದಡಿಯ ಬಗೆ, ಕೊಡುವ ದಿನ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಮುಂಗಡವಾಗಿ ಕನಿಷ್ಠ ನೂಲಿನ, ಲೋಹದ ಖರ್ಚನ್ನಾದರೂ ಕೊಡಿ, ಅವರು ಅದಕ್ಕಾಗಿ ಸಾಲ ಮಾಡುವಂತಾಗಬಾರದು. ಕೈಯಲ್ಲಿ ಬಣ್ಣ ಹಾಕಿದ ನೂಲು ಒಂದು ಹಂಡೆಯಿಂದ ಇನ್ನೊಂದಕ್ಕೆ ತುಸು ಬೇರೆಯಾಗುವುದರಿಂದ, ಒಂದೇ ಬಣ್ಣದ ನಾಲ್ಕು ಸೀರೆ ಬೇಕಿದ್ದರೆ ನಾಲ್ಕನ್ನೂ ಒಟ್ಟಿಗೆ ಹೇಳಿ. ಇನ್ನೊಬ್ಬ ಕಲಾವಿದರ ವಿನ್ಯಾಸದ ಫೋಟೊ ತೋರಿಸಿ ‘ಹೀಗೇ ಮಾಡಿಕೊಡಿ’ ಎನ್ನಬೇಡಿ, ಯಾರದೇ ವಿನ್ಯಾಸದ ಫೋಟೊ ತೆಗೆಯುವ ಮೊದಲೂ ಅವರನ್ನು ಕೇಳಿ. ಮದುವೆಯ ಸೀರೆಗೆ, ಕಸೂತಿ ತುಂಬಿದ ಸೆರಗಿಗೆ ತಿಂಗಳುಗಳ ಸಮಯ ಬಿಟ್ಟುಕೊಂಡೇ ಹೊರಡಿ. ಮಣ್ಣಿನ ಪಾತ್ರೆಗಳನ್ನು ಮಳೆಗಾಲಕ್ಕೆ ಮೊದಲೇ ಹೇಳಿ ಮಾಡಿಸಿಕೊಳ್ಳಿ, ಮಳೆ ಹಿಡಿದರೆ ಹಸಿ ಮಡಕೆ ಒಣಗುವುದಿಲ್ಲ, ಒಣಗದ ಮಡಕೆ ಆವಿಗೆಯಲ್ಲಿ ಸಿಡಿಯುತ್ತದೆ.